ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ಕೆಲಸ ಹೋದಾಗ, ಪರೀಕ್ಷೆ ಕಟ್ಟಿ ಕಟ್ಟಿ ಸಾಕಾದಾಗ, ಮನೆಯಲ್ಲಿ ಸಾವಾದಾಗ ನೀವು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಅಜ್ಜಾ, ಇಷ್ಟು ಪ್ರಾರ್ಥನೆ ಮಾಡಿದೆ, ದೇವರು ದಾರಿ ಯಾಕೆ ತೋರಿಸಲಿಲ್ಲ?’ ನಾನು ತಿರುಗಿ ಕೇಳುತ್ತೇನೆ: ರಾತ್ರಿ ಉಂಡಿಯೇನು ತಮ್ಮಾ? ನಿದ್ದೆ ಬಂತೇನು? ಮುದುಕ ಮಾತು ಹಾರಿಸುತ್ತಾನೆ ಅಂದುಕೊಳ್ಳುತ್ತೀರಿ. ನಾನು ಇದನ್ನು ಕಲಿತದ್ದು ಬೈಬಲಿನಿಂದಲೇ.

ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ ತೆಗೆದು ನೋಡಿ. ರಾಣಿ ಈಜೆಬೆಲ್ ಕೊಲ್ಲಿಸುತ್ತೇನೆಂದು ಹೇಳಿ ಕಳಿಸಿದ್ದಾಳೆ. ಪ್ರವಾದಿ ಎಲೀಯ ಓಡುತ್ತಾನೆ. ಜೊತೆಗಿದ್ದ ಒಬ್ಬ ಆಳನ್ನೂ ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಮರುಭೂಮಿಗೆ ನಡೆಯುತ್ತಾನೆ (ಕಷ್ಟ ಬಂದಾಗ ನಾವು ಮೊದಲು ಮಾಡುವ ಕೆಲಸವೇ ಇದು, ಜೊತೆಯಲ್ಲಿದ್ದವರನ್ನು ಬಿಡುವುದು). ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವರು ಆಗ ಉಪದೇಶ ಮಾಡಲಿಲ್ಲ, ನಂಬಿಕೆ ಕಡಿಮೆಯಾಯಿತೆಂದು ಬೈಯಲೂ ಇಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಬಿಸಿ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ಮಲಗಲು ಬಿಟ್ಟ ದೂತ ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆ ನಲವತ್ತು ದಿನದ ನಡಿಗೆ. ಹೋರೇಬ್ ಬೆಟ್ಟ, ಬಿರುಗಾಳಿ, ಭೂಕಂಪ, ಬೆಂಕಿ, ಅವೆಲ್ಲ ಮುಗಿದ ಮೇಲೆ ದೇವರ ಮೆಲುದನಿ. ದನಿ ಹೇಳಿದ್ದಾದರೂ ಏನು? ಬಂದ ದಾರಿಯಲ್ಲೇ ಹಿಂದಿರುಗು, ಇಂತಿಂಥ ಕೆಲಸ ಮಾಡು, ಎಲೀಷ ಎಂಬವನನ್ನು ಜೊತೆಗೆ ತೆಗೆದುಕೋ, ನಿನ್ನ ಹಾಗೆ ಇನ್ನೂ ಏಳು ಸಾವಿರ ಜನ ಇದ್ದಾರೆ. ‘ನಾನೊಬ್ಬನೇ ಉಳಿದೆ’ ಎಂದು ಅವನು ಎರಡು ಸಲ ದೂರಿದ್ದಕ್ಕೆ ಸಿಕ್ಕ ಉತ್ತರ ಇಷ್ಟೇ.

ಈಗ ನಮ್ಮ ಸೀಮೆಗೆ ಬನ್ನಿ. ಹಳಿಯಾಳದ ಕಡೆಯ ಸಿದ್ದಿಗಳ ಹಿರಿಯರನ್ನು ಆಫ್ರಿಕದಿಂದ ತಂದು ಗೋವೆಯಲ್ಲಿ ಗುಲಾಮರನ್ನಾಗಿ ದುಡಿಸಿದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ಮುಂದೆ ಏನಿದೆಯೋ ಗೊತ್ತಿಲ್ಲ, ಹಿಂದಕ್ಕಂತೂ ಹೋಗುವ ಹಾಗಿಲ್ಲ. ಅವರಲ್ಲಿ ಕ್ರೈಸ್ತರಾದವರ ಮನೆಗಳಲ್ಲಿ ಇವತ್ತಿಗೂ ಪ್ರಾರ್ಥನೆ ಕೊಂಕಣಿಯಲ್ಲಿ ನಡೆಯುತ್ತದೆ. ಒಡೆಯರು ಹೇರಿದ ಧರ್ಮ ಎನ್ನುವವರಿದ್ದಾರೆ, ಇರಬಹುದು. ಒಡೆಯರನ್ನು ಬಿಟ್ಟು ಓಡಿಬಂದವರು ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ ಎನ್ನುವುದನ್ನೂ ಅವರು ಗಮನಿಸಲಿ. ಆ ಜನಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಬಂದದ್ದು 2003ರಲ್ಲಿ. ಅಲ್ಲಿಯವರೆಗಿನ ತಲೆಮಾರುಗಳು ಒಬ್ಬರ ಗದ್ದೆಗೆ ಇನ್ನೊಬ್ಬರು ಕೈ ಹಚ್ಚಿ, ದುಡಿದು ದಣಿದು, ಹಬ್ಬಕ್ಕೆ ಡಮಾಮಿ ಡೋಲು ಬಾರಿಸಿ ಕುಣಿದು ದಿನ ದಾಟಿಸಿದರು.

ನಮ್ಮ ಸೀಮೆಯದೇ ಆದ ಸೂಪಾ ಊರಿನ ಕಥೆಯೂ ನಿಮಗೆ ಗೊತ್ತೇ ಇದೆ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂತು, ಊರು ಮುಳುಗಿತು, ತಾಲೂಕು ಕಚೇರಿ ಜೋಯಿಡಾ ಸೇರಿತು, ಎಷ್ಟೋ ಮನೆತನಗಳು ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಿದವು. ಇದನ್ನು ‘ದೇವರ ಚಿತ್ತ’ ಎಂದು ಯಾರಾದರೂ ಸಮಾಧಾನ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅದು ಸರ್ಕಾರದ ತೀರ್ಮಾನ. ಮನುಷ್ಯರು ಮಾಡಿದ್ದನ್ನೆಲ್ಲ ದೇವರ ತಲೆಗೆ ಕಟ್ಟಿದರೆ ಪರಿಹಾರ ಕೇಳುವ ಬಾಯಿಯೂ ಕಟ್ಟಿಹೋಗುತ್ತದೆ. ದೇವರು ಆಗ ಎಲ್ಲಿದ್ದ ಅಂದರೆ, ಗಂಟುಮೂಟೆ ಹೊತ್ತು ಹೊರಟವರ ಜೊತೆಗಿದ್ದ. ನಾನು ನಂಬಿರುವುದು ಹಾಗೆ.

ನಿಮ್ಮಲ್ಲಿ ಕೆಲವರು ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಚನದಲ್ಲಿ ಗೋವೆಗೆ ಹೋಗಬೇಕೋ ಬೆಂಗಳೂರಿಗೆ ಹೋಗಬೇಕೋ ಹುಡುಕುತ್ತೀರಿ. ಅದು ಗಿಳಿಶಾಸ್ತ್ರ. ಕಾಣಿಕೆ ತೆಗೆದುಕೊಂಡು ‘ಇಂಥ ತಿಂಗಳು ನೌಕರಿ ಸಿಗುತ್ತದೆ’ ಎಂದು ಪ್ರವಾದನೆ ಹೇಳುವವರ ಬಾಗಿಲಿಗೂ ಹೋಗಬೇಡಿ. ನೌಕರಿ ಬಿಡುವುದು, ಮದುವೆ ಮುರಿಯುವುದು, ಹೊಲ ಮಾರುವುದು, ಇಂಥವನ್ನು ನಿದ್ದೆಗೆಟ್ಟ ರಾತ್ರಿಯಲ್ಲಿ ತೀರ್ಮಾನಿಸಬೇಡಿ. ನಿಮ್ಮ ಒಳ್ಳೆಯದನ್ನು ಬಯಸುವ, ಆದರೆ ನಿಮ್ಮ ಮಾತಿಗೆಲ್ಲ ತಲೆಯಾಡಿಸದ ಒಬ್ಬರ ಹತ್ತಿರ ಹೋಗಿ. ಅಮ್ಮನೋ, ಫಾದರೋ, ಕಲಿಸಿದ ಮೇಷ್ಟ್ರೋ ಯಾರಾದರೂ ಆದೀತು. ಬದುಕೇ ಬೇಡ ಎನಿಸಿದರೆ ಮನೆಯವರಿಗೆ ಆಗಲೇ ಹೇಳಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೇಳುವುದಿಲ್ಲ. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆಯಾದಂತೆ ಎನ್ನುವವರಿಗೆ ಎಲೀಯನ ರೊಟ್ಟಿಯ ಕಥೆ ಹೇಳಿ.

ಪ್ರಾರ್ಥನೆಗೆ ಬಾಯಿ ಬರದ ದಿನಗಳೂ ಇರುತ್ತವೆ. ಆಗ ಸುಳ್ಳು ಸ್ತೋತ್ರ ಕಟ್ಟಬೇಡಿ. 88ನೆಯ ಕೀರ್ತನೆ ಓದಿ. ಉಳಿದ ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಕಡೆಗೆ ಹೊರಳುತ್ತವೆ, ಇದು ಹೊರಳುವುದಿಲ್ಲ. ಮೊದಲಿಂದ ಕೊನೆಯವರೆಗೆ ದೂರು, ಮುಗಿಯುವುದೂ ಕತ್ತಲೆಯಲ್ಲೇ. ಆದರೂ ಹಿರಿಯರು ಅದನ್ನು ಪ್ರಾರ್ಥನೆಯೆಂದೇ ಲೆಕ್ಕ ಹಿಡಿದು ಗ್ರಂಥದಲ್ಲಿ ಉಳಿಸಿಕೊಂಡರು.