ಬೆಳೆಯ ರೋಗವೂ ಕಾವಲುಗಾರನ ಕಣ್ಣೂ

ಸಭೆಗಳ ಅಧ್ಯಯನಕ್ಕಾಗಿ. ಓದತಕ್ಕ ವೇದಭಾಗಗಳು: ಯಾಜಕಕಾಂಡ 13:1–8, 1 ಅರಸುಗಳು 8:37–40, ಯೋಹಾನ 9:1–7.



ಬೀದರ, ಭಾಲ್ಕಿ, ಔರಾದ ಸೀಮೆಯ ನಮ್ಮ ಸಭೆಗಳಲ್ಲಿ ಹೆಚ್ಚಿನವರು ಭೂಮಿಯನ್ನು ನಂಬಿ ಬದುಕುವವರು. ಕೆಲವರಿಗೆ ಸ್ವಂತ ಹೊಲವುಂಟು. ಅನೇಕರು ಪರರ ಹೊಲದಲ್ಲಿ ಕೂಲಿ ಮಾಡುವರು. ತೊಗರಿ ಒಣಗಿದರೆ ಒಡೆಯನ ಕಣಜ ಬರಿದಾಗುವದು ಮಾತ್ರವಲ್ಲ, ಕೂಲಿಯವನ ಒಲೆಯೂ ತಣ್ಣಗಾಗುವದು. 2022ರ ಮುಂಗಾರಿನ ತೊಗರಿಯು ಕಲಬುರಗಿಯಲ್ಲಿಯೂ ಅದರ ನೆರೆಯ ಜಿಲ್ಲೆಗಳಲ್ಲಿಯೂ ನೆಟೆ ರೋಗದಿಂದ ಒಣಗಿಹೋದದ್ದು ನಿಮಗೆ ನೆನಪಿರುವದು. ಸರಕಾರವು ಹೆಕ್ಟೇರಿಗೆ 10,000 ರೂಪಾಯಿಯಂತೆ ಪರಿಹಾರ ಕೊಡುವದಾಗಿ ಪ್ರಕಟಿಸಿತು. ಆದರೆ ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿದ ಗಿಡವನ್ನು ಯಾವ ಹಣವೂ ಮತ್ತೆ ಹಸುರು ಮಾಡಲಾರದು. ಇಂಥ ರೋಗವನ್ನು ಮುಂಚಿತವಾಗಿ ಕಾಣುವದು ಹೇಗೆ, ಕಂಡ ಮೇಲೆ ನಮ್ಮ ಕರ್ತವ್ಯವೇನು ಎಂಬದೇ ಈ ತಿಂಗಳ ಪಾಠ.

1. ಯಾಜಕನ ಕೆಲಸ

ಯಾಜಕಕಾಂಡದ ಈ ಅಧ್ಯಾಯವನ್ನು ಗಮನಿಸಿ ಓದಿರಿ. ಒಬ್ಬನ ಚರ್ಮದ ಮೇಲೆ ಕಲೆ ಕಾಣಿಸಿದರೆ ಅವನನ್ನು ಯಾಜಕನ ಬಳಿಗೆ ತರಬೇಕಾಗಿತ್ತು. ಯಾಜಕನು ಜನರ ಗಾಳಿಮಾತನ್ನು ಕೇಳಿ ತೀರ್ಪು ಹೇಳಲಿಲ್ಲ; ತಾನೇ ಪರೀಕ್ಷಿಸಿದನು. ನಿಶ್ಚಯವಾಗದಿದ್ದರೆ ಏಳು ದಿನ ಕಾದು ಮತ್ತೆ ಪರೀಕ್ಷಿಸಿದನು. ಇನ್ನೊಂದು ಸಂಗತಿಯೂ ಇಲ್ಲಿದೆ: ಯಾಜಕನ ಕೈಯಲ್ಲಿ ಔಷಧವಿರಲಿಲ್ಲ. ನೋಡುವದು, ಬೇರ್ಪಡಿಸುವದು, ಸತ್ಯವನ್ನು ತಿಳಿಸುವದು, ಇಷ್ಟೇ ಅವನ ಉದ್ಯೋಗ. ಆದರೂ ಅದರಿಂದ ಪಾಳೆಯವೆಲ್ಲ ಕಾಪಾಡಲ್ಪಟ್ಟಿತು.

2. ಬೆಳಕು ಹೇಳುವ ಸಾಕ್ಷಿ

ಈ ಕಾಲದಲ್ಲಿ ಹೊಲವನ್ನು ಪರೀಕ್ಷಿಸುವದಕ್ಕೆ ಬೆಳಕನ್ನು ಅಳೆಯುವ ಯಂತ್ರಗಳು ಬಂದಿವೆ. ಅವುಗಳ ರೀತಿ ಹೇಗಂದರೆ: ಆರೋಗ್ಯವುಳ್ಳ ಎಲೆಯು ಸೂರ್ಯನ ಬೆಳಕಿನೊಳಗಿನ ಕೆಂಪು ನೀಲಿಗಳನ್ನು ಹೆಚ್ಚಾಗಿ ಹೀರಿಕೊಳ್ಳುವದು, ಹಸುರನ್ನು ಅಷ್ಟಾಗಿ ಹೀರದೆ ಹಿಂದಕ್ಕೆ ಕಳುಹಿಸುವದು. ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಎಂಬ ಕಿರಣವುಂಟು. ಅದನ್ನು ಒಳ್ಳೇ ಎಲೆಯು ಬಹಳವಾಗಿ ಹಿಂದಕ್ಕೆ ಕಳುಹಿಸುವದು. ಎಲೆಯು ಕುಗ್ಗಿದಾಗ ಹಿಂದಿರುಗುವ ಕೆಂಪು ಹೆಚ್ಚುವದು, ಅವಕೆಂಪು ಕಡಿಮೆಯಾಗುವದು. ಯಂತ್ರವು ಇವೆರಡನ್ನೂ ಅಳೆದು ಹೋಲಿಸಿ, ಕೆಲವು ಸಾರಿ ಕಣ್ಣಿಗೆ ಹಳದಿ ಕಾಣುವದಕ್ಕೆ ಮುಂಚೆಯೇ, ಗಿಡವು ಕಷ್ಟದಲ್ಲಿದೆ ಎಂದು ತೋರಿಸುವದು.

ಶಾಖವನ್ನು ಕಾಣುವ ಯಂತ್ರವೂ ಉಂಟು. ಮಣ್ಣಿನ ಗಡಿಗೆಯು ಬೆವೆತು ತಣ್ಣಗಾಗುವ ಹಾಗೆ ಎಲೆಯೂ ನೀರನ್ನು ಆವಿಯಾಗಿ ಬಿಟ್ಟು ತನ್ನನ್ನು ತಂಪಾಗಿಟ್ಟುಕೊಳ್ಳುವದು. ನೆಟೆ ರೋಗದ ಬೂಷ್ಟು ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನು ಕಟ್ಟಿದರೆ ಎಲೆಯು ಬೆಚ್ಚಗಾಗುವದು. ಯಂತ್ರವು ಆ ಬಿಸಿಯನ್ನು ಕಾಣುವದು. ಈ ಯಂತ್ರಗಳನ್ನು ಕೈಯಲ್ಲಿ ಹಿಡಿಯಬಹುದು, ಡ್ರೋನಿಗೆ ಕಟ್ಟಬಹುದು, ಉಪಗ್ರಹದಲ್ಲಿಯೂ ಇಡಬಹುದು. ಐರೋಪ್ಯ ದೇಶಗಳವರು 2015ರಿಂದ ಹಾರಿಸಿದ ಸೆಂಟಿನೆಲ್-2 ಎಂಬ ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ ನಮ್ಮ ಹೊಲಗಳ ಮೇಲೆಯೂ ಹಾದುಹೋಗುವವು. ಅವುಗಳ ಚಿತ್ರಗಳು ಸಕಲರಿಗೂ ಉಚಿತ.

3. ಯಂತ್ರಕ್ಕೆ ಕಾಣದ್ದು

ಆದರೂ ಯಂತ್ರವನ್ನು ಪ್ರವಾದಿಯೆಂದು ಎಣಿಸಬಾರದು. ಆ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯು ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ನೆಲ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಗುಂಟೆಯ ನೂರಾರು ಗಿಡಗಳಲ್ಲಿ ನಾಲ್ಕು ಒಣಗಿದರೆ ಅದಕ್ಕೆ ತಿಳಿಯದು. ಮುಂಗಾರಿನಲ್ಲಿ ಮೋಡ ಕವಿದರೆ ನೆಲವೇ ಕಾಣದು. ಇದಲ್ಲದೆ ಗಿಡವು ಬಾಡಿದ್ದು ನೀರಿಲ್ಲದೆಯೋ, ಎರೆ ಭೂಮಿಯಲ್ಲಿ ನೀರು ನಿಂತೋ, ರೋಗದಿಂದಲೋ ಎಂಬದನ್ನು ಬೆಳಕೊಂದೇ ವಿಂಗಡಿಸಿ ಹೇಳಲಾರದು.

ಆದದರಿಂದ ಮನುಷ್ಯನು ಹೊಲಕ್ಕೆ ಇಳಿಯಲೇಬೇಕು. ಬಾಡಿದ ತೊಗರಿಯ ಕಾಂಡವನ್ನು ಸೀಳಿರಿ. ತೊಗಟೆಯ ಕೆಳಗೆ ಕಪ್ಪು ಕಂದು ಗೆರೆಗಳಿದ್ದರೆ ಅದು ನೆಟೆ ರೋಗ. 1906ರಲ್ಲಿ ಬಟ್ಲರ್ ಎಂಬ ವಿದ್ವಾಂಸರು ನಮ್ಮ ದೇಶದಲ್ಲಿ ವರ್ಣಿಸಿದ್ದು ಇದನ್ನೇ. ಗಿಡವು ಪೊದೆಯಾಗಿ, ಎಲೆ ಸಣ್ಣದಾಗಿ ತಿಳಿಹಸುರು ಮಚ್ಚೆಗಳಿಂದ ಕೂಡಿ, ಹೂ ಬಿಡದಿದ್ದರೆ ಅದು ಗೊಡ್ಡು ರೋಗ; ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯು ಗಾಳಿಯಲ್ಲಿ ತೇಲಿ ಅದನ್ನು ಹರಡುವದು. ಕಡಲೆಯ ಗಿಡವನ್ನು ಕಿತ್ತಾಗ ಕವಲುಬೇರುಗಳಿಲ್ಲದೆ ತಾಯಿಬೇರು ಒಣಗಿ ಪಟ್ಟನೆ ಮುರಿದರೆ ಅದು ಒಣ ಬೇರು ಕೊಳೆ ರೋಗ.

4. ಕಾವೇರುವ ಕಾಲ

ಹಿರಿಯರ ಅನುಭವವೊಂದೇ ಈಗ ಸಾಲದು. ಯಾಕಂದರೆ 1901ರಿಂದ 2018ರ ವರೆಗೆ ಭಾರತದ ಸರಾಸರಿ ಉಷ್ಣತೆಯು ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಈ ಅಂಕಿ ಚಿಕ್ಕದಾಗಿ ತೋರಬಹುದು. ಬೂಷ್ಟುಗಳಿಗಾದರೋ ಅದು ಚಿಕ್ಕದಲ್ಲ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಶೋಧಕರು ತಿಳಿಸಿರುವದೇನಂದರೆ, ಕಡಲೆಯು ಹೂವು ಕಾಯಿಗಳ ಕಾಲದಲ್ಲಿ 30 ಡಿಗ್ರಿಗೆ ಮೀರಿದ ಬಿಸಿಯನ್ನೂ ನೆಲದ ಒಣತನವನ್ನೂ ಕೂಡಿ ಅನುಭವಿಸಿದರೆ ಒಣ ಬೇರು ಕೊಳೆ ರೋಗವು ಬಲವಾಗುವದು. ಒಮ್ಮೆಗೇ ಸುರಿಯುವ ದೊಡ್ಡ ಮಳೆಯಿಂದ ನೀರು ನಿಂತರೆ ತೊಗರಿಗೆ ಬೇರೊಂದು ಅಂಗಮಾರಿ ಬರುವದು. ಆದದರಿಂದ ಹಿಂದಿನ ವರುಷ ಬಾರದ ರೋಗವು ಈ ವರುಷವೂ ಬಾರದೆಂದು ನೆಚ್ಚಿಕೊಂಡಿರಬಾರದು.

5. ಕಂಡ ಮೇಲೆ ಮಾಡತಕ್ಕದ್ದು

ನೆಟೆ ರೋಗ ಹೊಕ್ಕ ಗಿಡಕ್ಕೆ ಎಲೆಯ ಮೇಲೆ ಔಷಧ ಸಿಂಪಡಿಸಿ ಬದುಕಿಸಲಾಗದು. ಇದನ್ನು ಅರಿಯದೆ ಬಡ್ಡಿಗೆ ಸಾಲ ತಂದು ಸಿಂಪಡಿಸಿದವನಿಗೆ ಬೆಳೆಯೂ ಹೋಗುವದು, ಸಾಲವೂ ಉಳಿಯುವದು. ಹಾಗಾದರೆ ಮುಂಚೆ ಕಂಡು ಫಲವೇನು? ಫಲವು ಉಳಿದ ಗಿಡಗಳಿಗೂ ನೆರೆಯವನಿಗೂ ಮುಂದಿನ ಬಿತ್ತನೆಗೂ ಉಂಟು.

ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಿರಿ. ಅವು ಎಲ್ಲಿದ್ದವೆಂದು ಬರೆದಿಡಿರಿ. ಯಾಕಂದರೆ ಈ ಬೂಷ್ಟು ಸುಮಾರು ಮೂರು ವರುಷ ಮಣ್ಣಿನಲ್ಲಿಯೂ ಕೂಳೆಯಲ್ಲಿಯೂ ಜೀವಿಸುವದು. ಅಲ್ಲಿ ಜೋಳದಂಥ ಬೇರೆ ಬೆಳೆ ಬಿತ್ತಿರಿ. ರೋಗದ ಹೊಲದ ಕಾಳನ್ನು ಬೀಜಕ್ಕೆ ಇಡಬೇಡಿರಿ. ಒಂದು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ ಬಿತ್ತಿರಿ. ನೆಟೆ ಮತ್ತು ಗೊಡ್ಡು ಎರಡನ್ನೂ ತಡೆಯುವ ಬಿಎಸ್‌ಎಂಆರ್-736ರಂಥ ತಳಿಗಳುಂಟು. ನಿಮ್ಮ ನೆಲಕ್ಕೆ ಯಾವದು ತಕ್ಕದ್ದೆಂದು ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಲ್ಲವೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಮನೆಯಲ್ಲಿರುವ ಮೊಬೈಲು ಕೂಡ ಬೆಳಕಿನ ಯಂತ್ರವೇ. ವಾರಕ್ಕೊಮ್ಮೆ ಅದೇ ಸ್ಥಳದಲ್ಲಿ ನಿಂತು ಅದೇ ಸಾಲಿನ ಚಿತ್ರ ತೆಗೆದರೆ, ಯಾಜಕನ ಏಳು ದಿನದ ಕ್ರಮವು ನಿಮ್ಮ ಹೊಲದಲ್ಲಿಯೂ ನಡೆಯುವದು.

6. ರೋಗವು ಶಾಪವೋ?

ಹಳೇ ದೇವರುಗಳನ್ನು ಬಿಟ್ಟದ್ದರಿಂದ ಹೊಲ ಒಣಗಿತೆಂದು ಊರಲ್ಲಿ ಕೆಲವರು ಹೇಳಬಹುದು. ಗುಪ್ತ ಪಾಪವಿರಬೇಕೆಂದು ಸಭೆಯೊಳಗೇ ಪಿಸುಗುಟ್ಟುವವರೂ ಇರಬಹುದು. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿಯು ಅವನ ಮೇಲಾಗಲಿ ತಂದೆತಾಯಿಗಳ ಮೇಲಾಗಲಿ ಆ ದೋಷವನ್ನು ಹೊರಿಸಲಿಲ್ಲ. ದೇವರ ಕ್ರಿಯೆಯು ನಡೆಯತಕ್ಕ ಸಮಯವಿದೆಂದು ತೋರಿಸಿ, ಮಣ್ಣನ್ನು ಕಲಸಿ ಕೆಲಸಕ್ಕೆ ಕೈಹಾಕಿದನು. ಬೂಷ್ಟು ಹೊಲದ ಯಜಮಾನನು ಯಾವ ದೇವರನ್ನು ಭಜಿಸುತ್ತಾನೆಂದು ಕೇಳಿ ಬರುವದಿಲ್ಲ. ಕ್ರೈಸ್ತನ ತೊಗರಿಯನ್ನೂ ಅನ್ಯನ ತೊಗರಿಯನ್ನೂ ಒಂದೇ ರೀತಿ ಒಣಗಿಸುವದು. ಸೊಲೊಮೋನನ ಪ್ರಾರ್ಥನೆಯಲ್ಲಿ ಕ್ಷಾಮ, ಬೆಳೆಯ ರೋಗ, ಮಿಡಿತೆಗಳು ಒಂದೇ ಸಾಲಿನಲ್ಲಿ ದೇವರ ಮುಂದೆ ಇಡಲ್ಪಟ್ಟಿವೆ. ನಾವೂ ಪ್ರಾರ್ಥಿಸೋಣ, ಆದರೆ ಪ್ರಾರ್ಥನೆಯು ಸೋಮಾರಿತನಕ್ಕೆ ಮರೆಯಾಗದಿರಲಿ. ನಮ್ಮ ಹೊಲದಲ್ಲಿ ಮೊದಲು ರೋಗ ಕಂಡರೆ ನಾಚಿಕೆಯಿಂದ ಮುಚ್ಚಿಡದೆ, ನೆರೆಯವನು ಯಾವ ಮತದವನಾದರೂ, ಅವನ ಬದುವಿಗೆ ಹೋಗಿ ತಿಳಿಸೋಣ. ನೆರೆಯವನನ್ನು ಪ್ರೀತಿಸುವದು ಇದೇ.

ವಿಚಾರಿಸತಕ್ಕ ಪ್ರಶ್ನೆಗಳು

1. ಯಾಜಕನು ಏಳು ದಿನ ಕಾದದ್ದರಿಂದ ರೋಗಿಗೆ ಯಾವ ನ್ಯಾಯ ದೊರೆಯಿತು?
2. ಬಾಡಿದ ಗಿಡವನ್ನು ಯಂತ್ರವು ತೋರಿಸಿದ ಮೇಲೂ ಕಾಂಡವನ್ನು ಸೀಳಿ ನೋಡಬೇಕಾದದ್ದು ಯಾಕೆ?
3. ಸಭೆಯಲ್ಲಿ ಒಬ್ಬನ ಬೆಳೆ ಕೆಟ್ಟರೆ ನಾವು ಮೊದಲು ಏನು ಹೇಳುತ್ತೇವೆ? ಏನು ಹೇಳಬೇಕು?
4. ಓದುಬರಹ ಬಲ್ಲ ಯೌವನಸ್ಥರು ಊರಿನ ರೋಗದ ಹೊಲಗಳ ಪಟ್ಟಿಯನ್ನು ಇಡಬಹುದೋ?

ಪ್ರಾರ್ಥನೆಯ ವಿಷಯ: ಕಾಣುವ ಕಣ್ಣೂ, ಕಂಡದ್ದನ್ನು ತಿಳಿಸುವ ನಾಲಿಗೆಯೂ, ನಷ್ಟಪಟ್ಟವನ ಮನೆಗೆ ನಡೆಯುವ ಕಾಲೂ ನಮಗೆ ಅನುಗ್ರಹಿಸಲ್ಪಡುವಂತೆ ಬೇಡಿಕೊಳ್ಳೋಣ.