ಅರಿಯದಿದ್ದಾಗ ಕೇಳಿರಿ

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆಯನ್ನು ಹ. ಜಾಬಿರ್(ರ) ವರದಿ ಮಾಡಿದ್ದಾರೆ. ಸಹಾಬಿಗಳ ಒಂದು ತಂಡ ಪ್ರಯಾಣದಲ್ಲಿತ್ತು. ಅವರಲ್ಲೊಬ್ಬರಿಗೆ ಕಲ್ಲು ಬಡಿದು ತಲೆಗೆ ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ನನಗೆ ತಯಮ್ಮುಮ್‌ನ ರಿಯಾಯಿತಿ ಇದೆಯೇ ಎಂದು ಅವರು ಜೊತೆಯವರಲ್ಲಿ ವಿಚಾರಿಸಿದರು. ನೀರು ಸಿಗುತ್ತಿರುವಾಗ ರಿಯಾಯಿತಿ ಎಲ್ಲಿಯದು ಎಂದು ಅವರು ತಮಗೆ ತೋಚಿದಂತೆ ಹೇಳಿಬಿಟ್ಟರು. ಆ ವ್ಯಕ್ತಿ ಸ್ನಾನ ಮಾಡಿದರು, ತೀರಿಕೊಂಡರು. ವಿಷಯ ತಿಳಿದಾಗ ಪ್ರವಾದಿವರ್ಯರು(ಸ) ತೀವ್ರವಾಗಿ ನೊಂದು ಕೋಪಿಸಿಕೊಂಡರು. ತಿಳಿಯದಿದ್ದರೆ ಅವರು ಕೇಳಬಹುದಿತ್ತಲ್ಲ, ಅಜ್ಞಾನಕ್ಕೆ ಇರುವ ಮದ್ದು ಕೇಳುವುದೇ ಆಗಿದೆ ಎಂಬರ್ಥದಲ್ಲಿ ಎಚ್ಚರಿಸಿದರು. ಅಬೂದಾವೂದ್‌ನಲ್ಲಿ ಈ ಹದೀಸ್ ಇದೆ.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ಕರ್ಮಶಾಸ್ತ್ರದ ಪಾಠವಾಗಿ ಓದುತ್ತೇವೆ. ಆದರೆ ಇದರಲ್ಲಿ ಶರೀರದ ಪಾಠವೂ ಇದೆ. ಇಂದು ನಮ್ಮ ಮನೆಗಳಲ್ಲಿ ಕೇಳದೆ, ಹೇಳದೆ, ಒಳಗೊಳಗೇ ಹೆದರುತ್ತಾ ದಿನ ದೂಡುವ ಎಷ್ಟೋ ರೋಗಿಗಳಿದ್ದಾರೆ.

ಇಂತಹ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಿರಿ. ಕಾಲೇಜಿನ ಕೊನೆಯ ವರ್ಷ. ಎರಡು ವಾರಗಳ ಹಿಂದೆ ಜ್ವರ, ಬೇಧಿ ಬಂದಿತ್ತು. ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗಿದ, ವಾಸಿಯಾಯಿತು. ಅದಾದ ಮೇಲೆ ಗೆಳೆಯರ ಕೂಟವೊಂದರಲ್ಲಿ ಅವರು ಕೊಟ್ಟ ಅಮಲು ಪುಡಿಯನ್ನು ಸೇವಿಸಿದ. ಅದು ಮೊದಲ ಸಲವೇನೂ ಅಲ್ಲ. ಈಗ ನಾಲ್ಕು ದಿನಗಳಿಂದ ಪಾದಗಳಲ್ಲಿ ಇರುವೆ ಹರಿದಾಡಿದಂತೆ, ಜೋಮು ಹಿಡಿದಂತೆ. ಮೆಟ್ಟಿಲು ಹತ್ತುವಾಗ ಕಾಲು ಕುಸಿದಂತೆ. ರಾತ್ರಿಯಿಡೀ ಮೊಬೈಲಿನಲ್ಲಿ ರೋಗಗಳ ಹೆಸರು ಹುಡುಕುತ್ತಾನೆ. ಓದಿದಷ್ಟೂ ಎದೆ ಡವಗುಟ್ಟುತ್ತದೆ. ತಾಯಿ, “ಯಾಕೆ ಮಗಾ, ನಿದ್ದೆ ಬರುವುದಿಲ್ಲವಾ?” ಎಂದು ಕೇಳಿದರೆ, “ಏನಿಲ್ಲ ಉಮ್ಮಾ” ಎನ್ನುತ್ತಾನೆ. ವೈದ್ಯರ ಬಳಿಗೆ ಹೋಗಲು ಭಯ. ಹೋದರೆ ಆ ಪುಡಿಯ ವಿಷಯ ಹೇಳಬೇಕಲ್ಲ! ಇದು ನನ್ನ ಪಾಪಕ್ಕೆ ಸಿಕ್ಕ ಶಿಕ್ಷೆ, ಇನ್ನು ಬಿಡುಗಡೆಯಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಾನೆ.

ಇವನಿಗೆ ನಾವೇನು ಹೇಳಬೇಕು? ಸಮಾಧಾನದ ಒಂದು ಮಾತು ಸಾಲದು. ವಿಷಯವನ್ನು ಬಿಡಿಸಿ ನೋಡೋಣ.

ರೋಗ ವಾಸಿಯಾದ ಮೇಲೆ ಬರುವ ರೋಗ

ಮೊದಲನೆಯದಾಗಿ, ಇವನ ಜೋಮಿಗೆ ಪುಡಿಯೇ ಕಾರಣವಾಗಿರಬೇಕೆಂದಿಲ್ಲ. ಗಿಯಾನ್ ಬಾರೆ ಸಿಂಡ್ರೋಮ್ ಎಂಬ ಒಂದು ಕಾಯಿಲೆಯಿದೆ. 1916ರಲ್ಲಿ ಫ್ರಾನ್ಸಿನ ವೈದ್ಯರಾದ ಗಿಯಾನ್, ಬಾರೆ ಮತ್ತು ಸ್ಟ್ರೋಲ್ ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ವಿವರಿಸಿದರು. ಬೇಧಿ, ಜ್ವರ ಅಥವಾ ಶೀತ ಬಂದು ಹೋದ ಕೆಲವು ದಿನ ಅಥವಾ ವಾರಗಳ ನಂತರ ಇದು ತಲೆಯೆತ್ತುತ್ತದೆ. ರೋಗಾಣುವಿನೊಂದಿಗೆ ಹೋರಾಡಲು ಎದ್ದ ಶರೀರದ ರಕ್ಷಣಾ ಶಕ್ತಿಯು ದಾರಿ ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ಹೆಚ್ಚಾಗಿ ಪಾದದಿಂದ ಆರಂಭವಾದ ಜೋಮು ಮತ್ತು ಬಲಹೀನತೆ ಮೇಲಕ್ಕೇರುತ್ತಾ ಹೋಗುತ್ತದೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಇದೇ ಕಾಯಿಲೆ ಹರಡಿದಾಗ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಅದರ ಶಂಕೆ ಕಂಡುಬಂತು. ಕಲುಷಿತ ನೀರು, ಆಹಾರದಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹಲವು ರೋಗಿಗಳಲ್ಲಿ ಪತ್ತೆಯಾಯಿತು. ಅವರಲ್ಲಿ ಮಕ್ಕಳೂ ಇದ್ದರು, ವೃದ್ಧರೂ ಇದ್ದರು. ಇದು ಯಾವುದೇ ಅಮಲಿನ ಫಲವಾಗಿರಲಿಲ್ಲ.

ಈ ಕಾಯಿಲೆಗೆ ಚಿಕಿತ್ಸೆಯಿದೆ. ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧಿಯನ್ನು ರಕ್ತನಾಳದ ಮೂಲಕ ಕೊಡುತ್ತಾರೆ, ಇಲ್ಲವೇ ರಕ್ತದ ಪ್ಲಾಸ್ಮಾ ಬದಲಾಯಿಸುತ್ತಾರೆ. ಮೊದಲ ಎರಡು ವಾರಗಳೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಉಸಿರಾಟದ ಸ್ನಾಯುಗಳೂ ಸೋತು ಯಂತ್ರದ ನೆರವು ಬೇಕಾಗುತ್ತದೆ. ಹೀಗಿದ್ದೂ ಹೆಚ್ಚಿನ ರೋಗಿಗಳು ತಿಂಗಳುಗಳ ನಂತರವಾದರೂ ಮತ್ತೆ ನಡೆದಾಡುತ್ತಾರೆ. ಅಂದಮೇಲೆ ಎಣ್ಣೆ ತಿಕ್ಕುತ್ತಾ, ಕಾಲು ನೀವುತ್ತಾ ಮನೆಯಲ್ಲಿ ಕಳೆಯುವ ಪ್ರತಿಯೊಂದು ದಿನವೂ ಎಷ್ಟು ದುಬಾರಿ! ಬೆನ್ನಿನಿಂದ ನೀರು ತೆಗೆದರೆ ಸೊಂಟ ಹೋಗುತ್ತದೆಂದು ಹೆದರಿ ಪರೀಕ್ಷೆಯನ್ನೇ ನಿರಾಕರಿಸುವವರಿದ್ದಾರೆ. ಆ ಸೂಜಿಯನ್ನು ಚುಚ್ಚುವುದು ಬೆನ್ನುಹುರಿ ಮುಗಿದ ಸ್ಥಳಕ್ಕಿಂತ ಕೆಳಗೆ ಎಂಬುದನ್ನು ಅವರು ತಿಳಿದಿರಲಿ.

ಅಮಲು ನರಗಳಿಗೆ ಮಾಡುವ ಕೇಡು

ಎರಡನೆಯದು, ಅಮಲು ಪದಾರ್ಥ. ಅದು ನಿರಪಾಯಕಾರಿ ಎಂದು ಯಾರೂ ಭ್ರಮಿಸಬಾರದು. 1982ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಜನರು ಇದ್ದಕ್ಕಿದ್ದಂತೆ ಕಲ್ಲಿನ ಪ್ರತಿಮೆಗಳಂತೆ ಸ್ತಬ್ಧರಾದರು. ಅಲ್ಲಾಡಲಾಗದು, ಮಾತಾಡಲಾಗದು. ಮುದಿ ವಯಸ್ಸಿನಲ್ಲಿ ಬರುವ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳೆಲ್ಲ ಅವರಲ್ಲಿದ್ದವು. ಅವರು ಕಳ್ಳಮಾರ್ಗದಲ್ಲಿ ತಯಾರಾದ ಹೊಸ ಬಗೆಯ ಹೆರಾಯಿನ್ ಚುಚ್ಚಿಕೊಂಡಿದ್ದರೆಂದು ತಿಳಿದ ಬಳಿಕವೇ ಕಾರಣ ಬಯಲಾಯಿತು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ರಾಸಾಯನಿಕವು ಚಲನೆಯನ್ನು ನಿಯಂತ್ರಿಸುವ ಮೆದುಳಿನ ಕೋಶಗಳನ್ನು ನಾಶ ಮಾಡಿತ್ತು. ಡಾ. ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಪ್ರಕಟಿಸಿದರು. ಕಾರಣ ಏನೇ ಇರಲಿ, ಪಾರ್ಕಿನ್ಸನ್‌ಗೆ ಕೊಡುವ ಔಷಧಿಯಿಂದ ಅವರ ಕೈಕಾಲು ಮತ್ತೆ ಆಡತೊಡಗಿದವು. ಪ್ರತಿಯೊಂದು ಅಮಲೂ ಹೀಗೆಯೇ ಮಾಡುತ್ತದೆಂದಲ್ಲ. ಆದರೆ ಪೊಟ್ಟಣದೊಳಗೆ ಏನಿದೆಯೆಂದು ಕೊಳ್ಳುವವನಿಗೆ ತಿಳಿದಿರುವುದಿಲ್ಲ, ಹೆಚ್ಚಾಗಿ ಮಾರುವವನಿಗೂ ತಿಳಿದಿರುವುದಿಲ್ಲ.

ಎಂಡಿಎಂಎ ಮೈ ಕಾವನ್ನು ವಿಪರೀತ ಏರಿಸಬಹುದು, ರಕ್ತದ ಸೋಡಿಯಂ ಇಳಿಸಿ ಫಿಟ್ಸ್ ತರಬಹುದು. ನಗಿಸುವ ಅನಿಲವೆಂದು ಕರೆಯುವ ನೈಟ್ರಸ್ ಆಕ್ಸೈಡನ್ನು ಮತ್ತೆ ಮತ್ತೆ ಸೇದಿದರೆ ವಿಟಮಿನ್ ಬಿ12 ನಿಷ್ಕ್ರಿಯವಾಗಿ ಕಾಲುಗಳು ಮರಗಟ್ಟುತ್ತವೆ. ಸಕಾಲದಲ್ಲಿ ಹೇಳಿದರೆ ಆ ವಿಟಮಿನ್ ಚುಚ್ಚುಮದ್ದಿನಿಂದ ಉಪಶಮನ ಸಾಧ್ಯ. ಹೇಳದಿದ್ದರೆ ವೈದ್ಯರಿಗೆ ಹೊಳೆಯುವುದಾದರೂ ಹೇಗೆ?

ವೈದ್ಯರೇ ಕೊಟ್ಟ ಔಷಧಿಯಿಂದಲೂ ಕೆಲವೊಮ್ಮೆ ತೊಂದರೆಯಾಗುವುದುಂಟು. ವಾಂತಿ ನಿಲ್ಲಲು ಕೊಡುವ ಮೆಟೋಕ್ಲೋಪ್ರಮೈಡ್ ಎಂಬ ಔಷಧಿಯಿಂದ ಕೆಲವು ಯುವಕ ಯುವತಿಯರ ಕುತ್ತಿಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ನೋಡಿದವರು ಜಿನ್ನ್ ಹಿಡಿದಿದೆ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಹೆಚ್ಚಾಗಿ ಸ್ವಲ್ಪ ಹೊತ್ತಿನಲ್ಲೇ ಅದು ಸರಿಹೋಗುತ್ತದೆ. ಕುರ್‌ಆನ್ ಪಾರಾಯಣ ಮಾಡಿ ದುಆ ಮಾಡಿರಿ, ಯಾರೂ ಬೇಡವೆನ್ನರು. ಆದರೆ ಆಟೋ ಹತ್ತಿದ ಮೇಲೆ ದಾರಿಯಲ್ಲಿಯೂ ಅದನ್ನು ಮಾಡಬಹುದಲ್ಲವೇ?

ಭಯವೇ ರೋಗವಾದಾಗ

ಮೂರನೆಯದು, ಭಯ. ಹೆದರಿದ ಮನುಷ್ಯ ಅರಿವಿಲ್ಲದೆ ವೇಗವಾಗಿ ಉಸಿರಾಡುತ್ತಾನೆ. ಆಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಟ್ಟುತ್ತದೆ, ತಲೆ ಹಗುರಾಗುತ್ತದೆ. ಅದನ್ನು ಕಂಡು ಭಯ ಇಮ್ಮಡಿಯಾಗುತ್ತದೆ. ಇದು ನಟನೆಯಲ್ಲ, ಈಮಾನಿನ ಕೊರತೆಯೂ ಅಲ್ಲ, ಶರೀರದ ಸ್ವಭಾವ. ನಿಧಾನವಾಗಿ ಉಸಿರಾಡಿದರೆ ಇದು ತಗ್ಗುತ್ತದೆ. ಆದರೆ ನನ್ನದು ಬರೀ ಭಯ ಎಂದು ಸ್ವತಃ ತೀರ್ಮಾನಿಸುವುದೂ ತಪ್ಪು, ನನ್ನದು ಮಹಾರೋಗ ಎಂದು ತೀರ್ಮಾನಿಸುವುದೂ ತಪ್ಪು. ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ಬಡಿದು ನೋಡುವ ವೈದ್ಯರಿಗೆ ಆ ಕೆಲಸ ಬಿಡಿರಿ.

ಕೆಲವು ಲಕ್ಷಣಗಳು ಮಾತ್ರ ಮರುದಿನದ ತನಕ ಕಾಯುವಂತಹವಲ್ಲ. ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು - ಇವು ಲಕ್ವದ ಲಕ್ಷಣಗಳು. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸುಗಳೊಳಗೆ ಕೊಡಬೇಕಾಗುತ್ತದೆ. ಬಲಹೀನತೆ ಮೇಲಕ್ಕೇರುತ್ತಿರುವುದು, ಕುಳಿತಲ್ಲಿಂದ ಏಳಲಾಗದಿರುವುದು, ಉಸಿರಾಡಲು ಅಥವಾ ನುಂಗಲು ಕಷ್ಟವಾಗುವುದು, ಮೂತ್ರ ಕಟ್ಟುವುದು, ಫಿಟ್ಸ್, ಜ್ವರದೊಂದಿಗೆ ಕುತ್ತಿಗೆ ಬಿಗಿತ ಅಥವಾ ಬುದ್ಧಿ ಮಂಕು - ಇವುಗಳಲ್ಲಿ ಯಾವುದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿರಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಸಾಗಿಸಿರಿ.

ವೈದ್ಯರಿಗೆ ಹೇಳುವುದು ಪಾಪ ಪ್ರಚಾರವೇ?

ಅಲ್ಲಾಹನು ಮುಚ್ಚಿಟ್ಟ ಪಾಪವನ್ನು ನಾನೇಕೆ ಬಿಚ್ಚಿಡಬೇಕು ಎಂದು ಕೆಲವರು ಕೇಳುತ್ತಾರೆ. ರಾತ್ರಿ ಮಾಡಿದ ಪಾಪವನ್ನು ಹಗಲು ಸಾರಿಕೊಂಡು ತಿರುಗುವವನನ್ನು ಪ್ರವಾದಿವರ್ಯರು(ಸ) ಖಂಡಿಸಿದ್ದು ನಿಜ. ಆದರೆ ಅದು ಲಜ್ಜೆಯಿಲ್ಲದೆ ಕೊಚ್ಚಿಕೊಳ್ಳುವವನ ವಿಷಯ. ಜೀವ ಉಳಿಸಿಕೊಳ್ಳಲು ವೈದ್ಯರ ಮುಂದೆ ತಲೆ ತಗ್ಗಿಸಿ ನಿಜ ಹೇಳುವವನು ಯಾವ ಪಾಪವನ್ನೂ ಪ್ರಚಾರ ಮಾಡುತ್ತಿಲ್ಲ. ಸ್ವಹಸ್ತದಿಂದ ತನ್ನನ್ನು ವಿನಾಶಕ್ಕೆ ತಳ್ಳಬಾರದೆಂಬ ಕುರ್‌ಆನಿನ (2:195) ಆದೇಶವನ್ನು ಅವನು ಪಾಲಿಸುತ್ತಿದ್ದಾನೆ. ಏನನ್ನು, ಎಷ್ಟು, ಯಾವಾಗ ಸೇವಿಸಿದೆ, ಅದಕ್ಕೆ ಮೊದಲು ಯಾವ ಕಾಯಿಲೆ ಬಂದಿತ್ತು, ಯಾವ ಮಾತ್ರೆ ನುಂಗಿದೆ - ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಬಾಯಿ ಬಾರದಿದ್ದರೆ ಚೀಟಿಯನ್ನೇ ಕೊಡಲಿ.

ಪೋಲೀಸರ ಭಯವೂ ಹಲವರಿಗಿದೆ. ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯರ ವೃತ್ತಿಧರ್ಮ. ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ವ್ಯಸನ ಬಿಡಲು ನೆರವು ಬೇಕಾದವರಿಗೆ 14446, ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್‌ನ 14416 ಎಂಬ ಉಚಿತ ದೂರವಾಣಿಗಳಿವೆ. ಇನ್ನೊಂದು ಮಾತು: ಬಹಳ ಕಾಲದಿಂದ ಮದ್ಯಕ್ಕೋ ನಿದ್ರೆ ಮಾತ್ರೆಗೋ ದಾಸನಾದವನು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್ ಬರುವ ಅಪಾಯವಿದೆ. ತೌಬಾದ ಸಂಕಲ್ಪ ಇಂದೇ ಆಗಲಿ. ಬಿಡುವ ಕ್ರಮವನ್ನು ಇಂದೇ ವೈದ್ಯರಲ್ಲಿ ಕೇಳಲಿ.

ಮನೆಯವರ ಹೊಣೆ

ಮಗ ಹೇಳದಿರುವುದಕ್ಕೆ ಮಗನೊಬ್ಬನೇ ಕಾರಣನೇ? ಅವನು ಬಾಯಿ ತೆರೆದರೆ ತಂದೆಯ ಕೈ ಏಳುತ್ತದೆ, ಅಣ್ಣ ಮನೆಯಿಂದ ಹೊರಹಾಕುತ್ತೇನೆಂದು ಗುಡುಗುತ್ತಾನೆ, ಸುದ್ದಿ ಜಮಾಅತ್‌ನ ತುಂಬ ಹರಡುತ್ತದೆ. ಹೀಗಿರುವಾಗ ಅವನು ಮೊಬೈಲನ್ನು ಕೇಳದೆ ಇನ್ನಾರನ್ನು ಕೇಳಬೇಕು?

ಮದ್ಯಪಾನದ ತಪ್ಪಿಗಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬ ವ್ಯಕ್ತಿಯನ್ನು ಜನರಲ್ಲೊಬ್ಬರು ಶಪಿಸಿದಾಗ ಪ್ರವಾದಿವರ್ಯರು(ಸ) ತಡೆದರು. ಅವನಿಗೆ ಅಲ್ಲಾಹನ ಮತ್ತು ಅವನ ಸಂದೇಶವಾಹಕರ ಮೇಲೆ ಪ್ರೀತಿಯಿದೆಯೆಂದು ಅವರು ಸಾಕ್ಷಿ ನುಡಿದರು. ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂಬ ಅರ್ಥದ ಮಾತೂ ಬುಖಾರಿಯ ಹದೀಸ್‌ನಲ್ಲಿದೆ. ತಪ್ಪನ್ನು ತಪ್ಪೆಂದೇ ಹೇಳಿದ ಮಹಾನುಭಾವರು ತಪ್ಪಿತಸ್ಥನನ್ನು ಕೈಬಿಡಲಿಲ್ಲ. ತಂದೆತಾಯಂದಿರೇ, ಮಗ ಅಂಜುತ್ತಾ ನಿಜ ಹೇಳಿದ ಆ ಗಳಿಗೆ ಉಪದೇಶದ ಗಳಿಗೆಯಲ್ಲ. “ಹೇಳಿದ್ದು ಒಳ್ಳೆಯದಾಯಿತು, ನಡಿ, ಡಾಕ್ಟರ ಹತ್ತಿರ ಹೋಗೋಣ” ಎಂದು ಎದ್ದು ಚಪ್ಪಲಿ ಮೆಟ್ಟಿಕೊಳ್ಳಿರಿ. ವಿಚಾರಣೆ ಆಮೇಲಾಗಲಿ. ನೆರೆಯವರಿಗೆ ಕಾರಣ ತಿಳಿಯಬೇಕಾದ ಅಗತ್ಯ ಎಂದಿಗೂ ಇಲ್ಲ.

ಶಿಕ್ಷೆಯೆಂದು ತೀರ್ಪು ಕೊಡುವವರು ನಾವಲ್ಲ

ಕೊನೆಯದಾಗಿ ಆ ಯುವಕನ ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆ. ಈ ಜೋಮು ನನ್ನ ಪಾಪದ ಶಿಕ್ಷೆಯೇ? ಪಾಪದ ಕುರುಹೂ ಇಲ್ಲದ ಹ. ಅಯ್ಯೂಬ್(ಅ) ಘೋರ ಸಂಕಟವನ್ನು ಅನುಭವಿಸಿದರು. ಹಾಗಾಗಿ ರೋಗವನ್ನು ನೋಡಿ ರೋಗಿಯ ಕರ್ಮವನ್ನು ಅಳೆಯಲು ನಮಗೆ ಅಧಿಕಾರವಿಲ್ಲ. ಸತ್ಯವಿಶ್ವಾಸಿಗೆ ಚುಚ್ಚುವ ಒಂದು ಮುಳ್ಳು ಕೂಡ, ಅವನನ್ನು ಕಾಡುವ ಚಿಂತೆ ಕೂಡ ಪಾಪ ತೊಳೆಯುವ ಸಾಧನವಾಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪಾಪ ಮಾಡಿದವರೂ ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬಾರದೆಂದು ಕುರ್‌ಆನ್ (39:53) ಕರೆ ಕೊಟ್ಟಿದೆ. ತೌಬಾ ಮಾಡಿದವನು ತನ್ನ ಕಾಲಿನ ಜೋಮಿನಲ್ಲಿ ಅದರ ಉತ್ತರ ಹುಡುಕಬೇಕಾಗಿಲ್ಲ.

ಶಾಮ್ ನಾಡಿನಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು ಹ. ಉಮರ್(ರ) ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದಾಗ, ಇದು ವಿಧಿಯಿಂದ ಪಲಾಯನವಲ್ಲವೇ ಎಂದು ಹ. ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ನಾವು ಹೋಗುತ್ತಿದ್ದೇವೆ ಎಂಬುದು ಅವರ ಉತ್ತರದ ತಾತ್ಪರ್ಯವಾಗಿತ್ತು. ರೋಗ ವಿಧಿಯಾದರೆ ಔಷಧಿಯೂ ವಿಧಿಯೇ. ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯೂ ತವಕ್ಕುಲ್‌ನ ದಾರಿಯೇ.

ಓದುಗರೇ, ಆ ಯುವಕ ನಿಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಲಗಿರಬಹುದು. ಇಂದು ರಾತ್ರಿ ಅವನ ಕೋಣೆಯ ದೀಪ ಇನ್ನೂ ಉರಿಯುತ್ತಿದ್ದರೆ ಬಾಗಿಲು ತಟ್ಟಿ ಮೆಲ್ಲನೆ ಕೇಳಿರಿ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ. ಕೇಳುವ ವಿನಯವನ್ನೂ ಹೇಳುವ ಧೈರ್ಯವನ್ನೂ ಆಲಿಸುವ ಸಹನೆಯನ್ನೂ ನಮಗೆಲ್ಲರಿಗೂ ಕರುಣಿಸಲಿ. ಆಮೀನ್.