ಹವಳಬಳ್ಳಿಯ ಹಾವಳಿ: ದ್ವೀಪಗಳ ಅನುಭವದಿಂದ ಕಲಿಯತಕ್ಕ ಪಾಠ

ಮನೆಯ ಮುಂದಿನ ಚಪ್ಪರಕ್ಕೂ ಶಾಲೆಯ ಬೇಲಿಗೂ ಅಂದವಾದ ಹೂಬಳ್ಳಿಯನ್ನು ಹಬ್ಬಿಸುವುದು ಒಳ್ಳೆಯ ಅಭಿರುಚಿಯೇ ಸರಿ. ಆದರೆ ಪರದೇಶದಿಂದ ಬಂದ ಬಳ್ಳಿಯನ್ನು ನೆಡುವುದಕ್ಕೆ ಮುಂಚೆ ಅದರ ಹೂವನ್ನು ಮಾತ್ರವಲ್ಲದೆ ಬೇರನ್ನೂ ಬೀಜವನ್ನೂ ವಿಚಾರಿಸಿ ನೋಡುವುದು ಜಮೀನಿನ ಒಡೆಯರಿಗೆ ಅವಶ್ಯಕವಾದ ಎಚ್ಚರಿಕೆಯಾಗಿದೆ. ಇದಕ್ಕೆ ನಿದರ್ಶನವಾಗಿ, ಹವಳಬಳ್ಳಿಯಿಂದ ಉಷ್ಣವಲಯದ ದ್ವೀಪಗಳಿಗೆ ಒದಗಿದ ತೊಂದರೆಯನ್ನು ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ಅವಗಾಹನೆಗೆ ಇಲ್ಲಿ ತರಲಾಗಿದೆ.

ಬಳ್ಳಿಯ ಸ್ವರೂಪ

ಆಂಗ್ಲ ಭಾಷೆಯಲ್ಲಿ ಕೋರಲ್ ವೈನ್ ಎನಿಸಿಕೊಳ್ಳುವ ಈ ಬಳ್ಳಿಯ ಶಾಸ್ತ್ರೀಯ ನಾಮವು ಆಂಟಿಗೋನನ್ ಲೆಪ್ಟೋಪಸ್ ಎಂಬುದು. ಇದರ ತವರು ಮೆಕ್ಸಿಕೋ ದೇಶ. ಎಲೆಯು ಹೃದಯದ ಆಕಾರವುಳ್ಳದ್ದು. ಹೂವು ಗುಲಾಬಿ ಬಣ್ಣದ್ದು, ಕೆಲವು ಜಾತಿಗಳಲ್ಲಿ ಬಿಳುಪು. ಹೂಗೊಂಚಲಿನ ತುದಿಯೇ ಕುಡಿಯಾಗಿ ಸುತ್ತಿಕೊಂಡು ಆಸರೆಯನ್ನು ಹಿಡಿಯುತ್ತದೆ. ಜೇನುನೊಣಗಳು ಇದನ್ನು ಬಹಳವಾಗಿ ಆಶ್ರಯಿಸುತ್ತವೆ. ಬಿಸಿಲನ್ನೂ ನೀರಿನ ಅಭಾವವನ್ನೂ ತಾಳುವುದರಿಂದ ನಮ್ಮ ನಾಡಿನ ತೋಟಗಳಲ್ಲಿಯೂ ಇದನ್ನು ಬಹಳ ಮಂದಿ ಬೆಳೆಸುತ್ತಾರೆ.

ಇದರ ಬಲವೆಲ್ಲ ನೆಲದೊಳಗಿದೆ. ಬೇರಿನಲ್ಲಿ ಗೆಡ್ಡೆಗಳು ಕಟ್ಟುತ್ತವೆ. ಮೇಲಿನ ಬಳ್ಳಿಯನ್ನು ಕಡಿದರೂ, ಸುಟ್ಟರೂ, ದನಕರುಗಳು ಮೇಯ್ದರೂ ಗೆಡ್ಡೆಯಲ್ಲಿ ಸಂಗ್ರಹವಾದ ಆಹಾರದಿಂದ ಹೊಸ ಚಿಗುರು ಹೊರಡುತ್ತದೆ. ಇದಲ್ಲದೆ ಬೀಜವು ಹಗುರಾಗಿದ್ದು ನೀರಿನ ಮೇಲೆ ತೇಲುವುದರಿಂದ ಮಳೆಯ ನೀರಿನೊಡನೆ ಹಳ್ಳಕೊಳ್ಳಗಳ ಗುಂಟ ಸಾಗುತ್ತದೆ. ಹಂದಿಗಳೂ ಪಕ್ಷಿಗಳೂ ಬೀಜವನ್ನು ತಿಂದು ದೂರಕ್ಕೆ ಹರಡುವುದುಂಟು.

ಸೇಂಟ್ ಯೂಸ್ಟೇಷಿಯಸ್ ದ್ವೀಪದ ವೃತ್ತಾಂತ

ಕೆರಿಬಿಯನ್ ಸಮುದ್ರದಲ್ಲಿರುವ ಸೇಂಟ್ ಯೂಸ್ಟೇಷಿಯಸ್ ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿದ ಸಣ್ಣ ದ್ವೀಪ. ಇದರ ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರು, ಎಂದರೆ ಐದು ಸಾವಿರ ಎಕರೆಗಿಂತ ಸ್ವಲ್ಪ ಹೆಚ್ಚು. 18ನೆಯ ಶತಮಾನದಲ್ಲಿ ಇದು ವ್ಯಾಪಾರಕ್ಕೆ ಹೆಸರಾದ ರೇವಾಗಿತ್ತು. ಕಬ್ಬಿನ ವ್ಯವಸಾಯವೂ ನಡೆಯುತ್ತಿತ್ತು. ಕಾಲಕ್ರಮದಲ್ಲಿ ವ್ಯಾಪಾರವು ಕುಗ್ಗಿತು, ಸಾಗುವಳಿಯು ನಿಂತು ಹೊಲಗಳು ಬೀಳುಬಿದ್ದವು. ಅಲಂಕಾರಕ್ಕೆಂದು ತಂದ ಹವಳಬಳ್ಳಿಯು ತೋಟದ ಬೇಲಿಯನ್ನು ದಾಟಿ ಆ ಬೀಳುಗಳನ್ನೂ ರಸ್ತೆಯ ಅಂಚುಗಳನ್ನೂ ಹಿಡಿಯಿತು. ಅಲ್ಲಿಯ ಜನರು ಇದನ್ನು ಕೊರಲಿಟ ಎಂದು ಕರೆಯುತ್ತಾರೆ. 2007ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಇದು ದ್ವೀಪದ ನೂರಕ್ಕೆ 15ರಿಂದ 20 ಪಾಲು ನೆಲವನ್ನು ಆಕ್ರಮಿಸಿತ್ತು.

ಈ ಬಳ್ಳಿಯು ಗಿಡಮರಗಳ ಮೇಲೆ ಕಂಬಳಿಯಂತೆ ಹೊದ್ದುಕೊಂಡು ಬೆಳಕನ್ನು ತಡೆಯುತ್ತದೆ. ಕೆಳಗಿನ ಸಸಿಗಳು ಬೆಳಕಿಲ್ಲದೆ ಸೊರಗುತ್ತವೆ. ಇಪೊಮಿಯ ಸ್ಫೀನೊಫಿಲ್ಲ ಎಂಬ ಇನ್ನೊಂದು ಹೂಬಳ್ಳಿಯು ಈ ದ್ವೀಪವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಸ್ವಾಭಾವಿಕವಾಗಿ ಬೆಳೆಯುವುದಿಲ್ಲ. ಮೇಕೆಗಳ ಮೇವಿನ ಜೊತೆಗೆ ಈ ಕೊರಲಿಟವೂ ಅದಕ್ಕೆ ಅಪಾಯಕಾರಿಯಾಗಿದೆ. ದ್ವೀಪದ ನೆಲವು ಸ್ವಲ್ಪವಾದದ್ದರಿಂದ ಅಲ್ಲಿಯ ಸಸ್ಯಕ್ಕೆ ಹಿಂಜರಿದು ಹೋಗಲು ಮತ್ತೊಂದು ಎಡೆಯಿಲ್ಲ. ಶಾಂತಸಾಗರದ ಗುವಾಮ್ ದ್ವೀಪದಲ್ಲಿಯೂ ಇದೇ ಬಳ್ಳಿಯು ರಸ್ತೆಯ ಬದಿಗಳಲ್ಲಿ ಮತ್ತು ಕಾಡಿನ ಅಂಚುಗಳಲ್ಲಿ ಹಬ್ಬಿಕೊಂಡಿದೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದುಂಟು. ದಟ್ಟವಾದ ನೆರಳುಳ್ಳ ಕೆಡದ ಕಾಡಿನೊಳಕ್ಕೆ ಈ ಬಳ್ಳಿಯು ಸುಲಭವಾಗಿ ನುಗ್ಗಲಾರದು. ಮನುಷ್ಯನು ಕಡಿದು, ಅಗೆದು, ಬಳಿಕ ನೋಡದೆ ಬಿಟ್ಟ ನೆಲವೇ ಇದಕ್ಕೆ ಹೆಬ್ಬಾಗಿಲು. ಆದಕಾರಣ ಬಳ್ಳಿಯ ದೋಷವೆಷ್ಟೋ ನೆಲವನ್ನು ಬೀಳುಬಿಟ್ಟವರ ದೋಷವೂ ಅಷ್ಟೇ ಎನ್ನಬೇಕಾಗುತ್ತದೆ.

ನಮಗೆ ಇದರಿಂದಾಗುವ ಪ್ರಯೋಜನ

ಹವಳಬಳ್ಳಿಯು ನಮ್ಮ ಕಾಡುಗಳನ್ನು ಲಂಟಾನದಂತೆ ಆವರಿಸಿಲ್ಲವಾದ್ದರಿಂದ ಗಾಬರಿಪಡಬೇಕಾದ ಕಾರಣವಿಲ್ಲ. ಆದರೆ ಲಂಟಾನವಾದರೂ 19ನೆಯ ಶತಮಾನದ ಆದಿಭಾಗದಲ್ಲಿ ಹೂವಿನ ಗಿಡವೆಂದೇ ಭರತಖಂಡಕ್ಕೆ ಬಂದುದೆಂಬುದನ್ನು ಮರೆಯಲಾಗದು. ಅದನ್ನು ಕುಂಡದಲ್ಲಿಟ್ಟು ಸಾಕಿದವರು ಇಂದಿನ ಸ್ಥಿತಿಯನ್ನು ಊಹಿಸಿರಲಾರರು.

ಈ ಲೇಖಕನೂ ತಪ್ಪಿನಿಂದಲೇ ಕಲಿತವನು. ಕೆಲವು ವರ್ಷಗಳ ಹಿಂದೆ ನನ್ನ ವಾಸದ ಮನೆಯ ಬೇಲಿಗೆ ಈ ಬಳ್ಳಿಯನ್ನು ನೆಟ್ಟು, ಕೇಳಿದವರಿಗೆಲ್ಲ ಸಸಿಗಳನ್ನು ಸಂತೋಷದಿಂದ ಹಂಚಿದೆನು. ತರುವಾಯ ಬೇಲಿಯ ನುಗ್ಗೆಯ ಮರವು ಇದರ ಭಾರಕ್ಕೆ ಬಾಗಲು, ಬಳ್ಳಿಯನ್ನು ಬುಡಕ್ಕೆ ಕಡಿಸಿದೆನು. ಮುಂದಿನ ಮಳೆಗೆ ಅದು ಮತ್ತೆ ಮೊದಲಿನಷ್ಟೇ ಬೆಳೆಯಿತು. ನೆಲವನ್ನು ಅಗೆಸಿ ಗೆಡ್ಡೆಗಳನ್ನು ಆರಿಸಿ ತೆಗೆಯಿಸಿದ ಮೇಲೂ ಎರಡು ವರ್ಷಕಾಲ ಚಿಗುರನ್ನು ಕೀಳಬೇಕಾಯಿತು. ಸಸಿಗಳನ್ನು ಕೊಂಡೊಯ್ದವರ ಮನೆಗಳಿಗೆ ಹೋಗಿ ಈ ಸಂಗತಿಯನ್ನು ತಿಳಿಸಿ ಬಂದಿದ್ದೇನೆ.

ಅನುಸರಿಸತಕ್ಕ ಕ್ರಮಗಳು

(1) ಹಳ್ಳ, ಕಾಲುವೆ, ಕಾಡಿನ ಅಂಚು, ಬೀಳು ಜಮೀನು ಇವುಗಳ ಸಮೀಪದಲ್ಲಿ ಈ ಬಳ್ಳಿಯನ್ನು ನೆಡಬಾರದು.

(2) ಈಗಾಗಲೇ ಬೆಳೆಸಿರುವವರು ಬೀಜ ಬಲಿಯುವುದಕ್ಕೆ ಮುಂಚೆಯೇ ಹೂಗೊಂಚಲುಗಳನ್ನು ಕತ್ತರಿಸತಕ್ಕದ್ದು.

(3) ತೆಗೆಯಬೇಕೆಂದಿರುವವರು ಬಳ್ಳಿಯನ್ನು ಕಡಿದು ಸುಮ್ಮನಾಗದೆ, ನೆಲವು ಹದವಾಗಿರುವಾಗ ಅಗೆದು ಗೆಡ್ಡೆಗಳನ್ನೂ ಅವುಗಳ ತುಂಡುಗಳನ್ನೂ ಆರಿಸಬೇಕು. ಇವನ್ನು ತಿಪ್ಪೆಗಾಗಲಿ ಹಳ್ಳಕ್ಕಾಗಲಿ ಹಾಕದೆ, ಒಣಗಿಸಿ ಸುಡುವುದು ಲೇಸು.

(4) ಒಂದೇ ಸಲದ ಕೆಲಸವು ಸಾಲದು. ಹೊಸ ಚಿಗುರು ಕಂಡಾಗಲೆಲ್ಲ ಕಿತ್ತು, ತೆರವಾದ ನೆಲವನ್ನು ಬರಿದಾಗಿ ಬಿಡದೆ ಹುರುಳಿಯನ್ನಾಗಲಿ ಮೇವಿನ ಬೆಳೆಯನ್ನಾಗಲಿ ಬಿತ್ತಬೇಕು.

(5) ಗ್ರಾಮದ ಮುಖಂಡರು ವರ್ಷಕ್ಕೊಮ್ಮೆ, ಮಳೆಗಾಲವು ಮುಗಿದ ಕೂಡಲೆ, ಗೋಮಾಳವನ್ನೂ ಕೆರೆಯ ಏರಿಯನ್ನೂ ಸುತ್ತಿ ನೋಡಿ, ಅಪರಿಚಿತವಾದ ಬಳ್ಳಿಯು ಹಬ್ಬುತ್ತಿದ್ದರೆ ಇಲಾಖೆಯ ಸಿಬ್ಬಂದಿಗೆ ತಿಳಿಸುವುದು ಉಪಯುಕ್ತ.

ಬಳ್ಳಿಯು ಒಂದು ಬೇಲಿಯಲ್ಲಿರುವಾಗ ಅದನ್ನು ತೆಗೆಯಲು ಒಂದಿಬ್ಬರು ಆಳುಗಳು ಸಾಕು. ಅದು ಊರಿನ ಬೀಳುಗಳನ್ನೆಲ್ಲ ಹಿಡಿದ ಮೇಲೆ ಊರಿನವರೆಲ್ಲ ಸೇರಿದರೂ ಕಷ್ಟವೇ. ಆ ದ್ವೀಪದ ಜನರು ಇಂದು ಪಡುತ್ತಿರುವ ಶ್ರಮವನ್ನು ನಾವು ಪಡದಿರಬೇಕಾದರೆ, ನೆಡುವ ದಿವಸವೇ ವಿಚಾರಮಾಡತಕ್ಕದ್ದು.